ಕಬ್ಬನ್ ಪಾರ್ಕಿನ ಕರಿ ನಾಯಿಗಳ ಫೋಟೋ

ಕಬ್ಬನ್ ಪಾರ್ಕಿನ ಡಾಗ್ ಪಾರ್ಕ್‌ನಲ್ಲಿ ಫೋಟೋ ಸರಣಿ ಮಾಡುತ್ತಿದ್ದೀರಿ, ಕಪ್ಪು ಲ್ಯಾಬ್ರಡಾರ್‌ಗಳು ಮಾತ್ರ ಕರಿ ಮುದ್ದೆಯಾಗಿ ಬರುತ್ತವೆ, ಅಲ್ವಾ? ಹಿಂದೆ ಬಿಸಿಲು ಬಿದ್ದ ಹುಲ್ಲಿದ್ದರೆ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಆ ಬೆಳಕನ್ನೇ ಲೆಕ್ಕಕ್ಕೆ ತಗೊಳ್ಳುತ್ತೆ, ನಾಯಿ ಕತ್ತಲಾಗುತ್ತೆ. ಸುಮ್ನೆ ಎಕ್ಸ್‌ಪೋಷರ್ (ಫೋಟೋಗೆ ಸಿಗುವ ಬೆಳಕು) ಏರಿಸಿದರೆ ಹುಲ್ಲು ಬೆಳ್ಳಗಾಗುತ್ತೆ ಅಷ್ಟೇ. ಅದರ ಬದಲು ಮರದ ನೆರಳಿನ ಅಂಚಿಗೆ ಕರೆತನ್ನಿ, ಮುಖ ಬಯಲಿನ ಕಡೆ ಇರಲಿ. ಆಗ ಕಣ್ಣಲ್ಲಿ ಆಕಾಶದ ಚಿಕ್ಕ ಬಿಳಿ ಚುಕ್ಕೆ ಮೂಡುತ್ತೆ, ಮೂತಿಯ ಒಂದೊಂದು ಕೂದಲೂ ಕಾಣುತ್ತೆ.

ಓಡುವ ನಾಯಿಗೆ ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಬೇಡ. ಮಂಡಿಯೂರಿ ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ (ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ). ಬಿಸ್ಕತ್ತು ತೋರಿಸುವ ಮುಂಚೆ ಸಾಕಿದವರನ್ನು ಕೇಳಿ, ಕೆಲವು ನಾಯಿಗಳಿಗೆ ಅಲರ್ಜಿ ಇರುತ್ತೆ. ಇನ್ನೊಂದು ಮಾತು: ಬರೀ ಮುಖಗಳಾದರೆ ಸರಣಿ ಬೇಗ ಬೇಜಾರಾಗುತ್ತೆ. ನಾಯಿಯ ಬೆಲ್ಟ್ ಹಿಡಿದ ಕೈಗಳ ಫೋಟೋನೂ ತೆಗೆಯಿರಿ.