ತಪ್ಪು ಮಾಡಿದವರ ಮಾತ್ರೆ

ಎಚ್‌ಐವಿ ವೈರಸ್ ಮೈಯೊಳಗೆ ಹೊಕ್ಕಿರಬಹುದು ಎಂಬ ಸಂಶಯವಿದ್ದಾಗ, ಅದು ನೆಲೆಯೂರದಂತೆ ತಡೆಯಲು ಕೊಡುವ ಮುನ್ನೆಚ್ಚರಿಕೆ ಚಿಕಿತ್ಸೆಯನ್ನು ನಮ್ಮ ಎಚ್‌ಐವಿ ಸಲಹಾ ಕೇಂದ್ರಗಳಲ್ಲಿ ಪೆಪ್ ಎನ್ನುತ್ತೇವೆ. ಘಟನೆ ನಡೆದ ಎರಡು ಗಂಟೆಯೊಳಗೆ ಮೊದಲ ಮಾತ್ರೆ ನುಂಗಿದರೆ ಅತ್ಯಂತ ಒಳ್ಳೆಯದು. ಹೆಚ್ಚೆಂದರೆ 72 ಗಂಟೆಯೊಳಗೆ ನುಂಗಲೇಬೇಕು, ಆಮೇಲೆ 28 ದಿನ ಒಂದು ದಿನವೂ ತಪ್ಪಿಸುವಂತಿಲ್ಲ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಆದರೆ ನನ್ನೆದುರು ಕುಳಿತವರಲ್ಲಿ ಹಲವರು ಆ ಗಂಟೆಗಳನ್ನು ನಾಚಿಕೆಯಲ್ಲಿ ಕಳೆದು ಬಂದಿರುತ್ತಾರೆ. ಹಿರಿಯೂರು ಕಡೆಯ ಒಬ್ಬ ಯುವಕ ಆರನೆಯ ದಿನ ಬಂದಿದ್ದ. ಬಾಗಿಲವರೆಗೆ ಎರಡು ಸಲ ಬಂದು, ಯಾರೋ ಪರಿಚಯದವರನ್ನು ಕಂಡು ಹಿಂತಿರುಗಿದ್ದನಂತೆ. ಅವನಿಗೆ ಮಾತ್ರೆ ಕೊಡುವ ಕಾಲ ಮುಗಿದಿತ್ತು. ಇನ್ನು ಯಾವ ಯಾವ ತಾರೀಕಿಗೆ ರಕ್ತಪರೀಕ್ಷೆ ಮಾಡಿಸಬೇಕು ಎಂಬುದನ್ನು ಬರೆದುಕೊಟ್ಟು ಕಳಿಸಿದ ಆ ದಿನ ನನಗೆ ಊಟ ಸೇರಲಿಲ್ಲ.

ಈಗ ಹೇಳಹೊರಟಿರುವುದು ಸಮಯಕ್ಕೆ ಸರಿಯಾಗಿ ಬಂದ, ಆದರೂ ಮಾತ್ರೆ ಬೇಡವೆಂದ ಒಬ್ಬ ಹೆಣ್ಣುಮಗಳ ಪ್ರಕರಣವನ್ನು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರನ್ನು ಗೌರಮ್ಮ ಎಂದಿಟ್ಟುಕೊಳ್ಳೋಣ. ವಯಸ್ಸು ಮೂವತ್ತರ ಆಸುಪಾಸು. ದಾವಣಗೆರೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಗುತ್ತಿಗೆಯ ಮೇಲೆ ಸ್ವಚ್ಛತಾ ಕೆಲಸ. ಗಂಡ, ಇಬ್ಬರು ಮಕ್ಕಳು, ಅತ್ತೆ. ತವರು ಜಗಳೂರು ಕಡೆ.

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದಾಗ ಅವರ ಎಡಗೈಯ ತೋರುಬೆರಳಿಗೆ ಹಳೆಯ ಸೀರೆಯ ಅಂಚಿನಿಂದ ಹರಿದ ಪಟ್ಟಿ ಸುತ್ತಿತ್ತು. ಬಿಚ್ಚಿದರೆ ಒಣಗಿ ಬಿರುಕು ಬಿಟ್ಟ ಅರಿಶಿನ ಸುಣ್ಣ, ಅದರಡಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಶನಿವಾರ ಸಂಜೆ ಐದಕ್ಕೆ ಕಸದ ಚೀಲವನ್ನು ಗಂಟು ಕಟ್ಟುವಾಗ ಒಳಗಿದ್ದ ಸೂಜಿ ಚುಚ್ಚಿತ್ತು. ರಕ್ತ ಬರಲಿ ಎಂದು ಹಿಂಡಿದ್ದರು, ಬೆರಳನ್ನು ಬಾಯಲ್ಲಿಟ್ಟು ಚೀಪಿದ್ದರು. ಇವೆರಡನ್ನೂ ಮಾಡಬಾರದು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದರೆ ಸಾಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲ್ವಿಚಾರಕ "ದಿನಾ ಚುಚ್ತಾವೆ, ಸುಮ್ನಿರು" ಎಂದಿದ್ದರು. ಅಲ್ಲಿನ ನರ್ಸ್ ಒಬ್ಬರು ಭಾನುವಾರ ರಾತ್ರಿ ಫೋನು ಮಾಡಿ ಒತ್ತಾಯಿಸದೇ ಇದ್ದಿದ್ದರೆ ಗೌರಮ್ಮ ನಮ್ಮಲ್ಲಿಗೆ ಬರುತ್ತಲೇ ಇರಲಿಲ್ಲ.

ನಾನು ಕೇಳುವ ಮೊದಲ ಪ್ರಶ್ನೆ "ಎಷ್ಟು ಗಂಟೆಗೆ ಆಯಿತು?" ಎಂಬುದು. ಹೇಗಾಯಿತು, ಯಾರಿಂದ, ಯಾಕೆ ಎಂಬುವೆಲ್ಲ ಆಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮೂನೆಯ ಪ್ರಶ್ನೆಗಳನ್ನು ಮೇಲಿನಿಂದ ಕೆಳಗೆ ಕೇಳುತ್ತ ಹೋಗಿ, ಅರ್ಧಕ್ಕೇ ಎದ್ದುಹೋದ ಒಬ್ಬರನ್ನು ನಾನು ಕಳೆದುಕೊಂಡಿದ್ದೇನೆ. ಅಂದಿನಿಂದ ಈ ಕ್ರಮವನ್ನು ಬದಲಿಸಿಲ್ಲ. ಲೆಕ್ಕ ಹಾಕಿದೆ: 42 ಗಂಟೆ ಕಳೆದಿತ್ತು, ಉಳಿದದ್ದು 30. ತಕ್ಷಣ ವೈದ್ಯರ ಬಳಿಗೆ ಕಳಿಸಿದೆ. ಸೂಜಿ ಯಾವ ರೋಗಿಯದೆಂದು ತಿಳಿಯುವ ದಾರಿಯಿರಲಿಲ್ಲ. ಒಳಗೆ ಪೊಳ್ಳಿರುವ, ರಕ್ತ ಮೆತ್ತಿಕೊಂಡಿದ್ದ ಸೂಜಿ, ಆಳವಾಗಿ ಚುಚ್ಚಿದೆ ಎಂಬುದನ್ನು ನೋಡಿ ವೈದ್ಯರು ಪೆಪ್ ಬರೆದರು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಮೂತ್ರಪಿಂಡದ ಪರೀಕ್ಷೆಗಳಿಗೆ ರಕ್ತ ತೆಗೆದುಕೊಂಡರು. ಫಲಿತಾಂಶ ಬರುವವರೆಗೆ ಕಾಯುವ ಅಗತ್ಯವಿಲ್ಲ, ಮೊದಲ ಮಾತ್ರೆಯನ್ನು ಈಗಲೇ ನುಂಗಬೇಕು ಎಂದು ಹೇಳಿ ಅವರನ್ನು ಮತ್ತೆ ನನ್ನ ಕೋಣೆಗೆ ಕಳಿಸಿದರು.

ಗೌರಮ್ಮ ಆ ಬಿಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಲೋಟದಲ್ಲಿ ನೀರು ಬಗ್ಗಿಸಿಟ್ಟೆ. ಅವರು ಮುಟ್ಟಲಿಲ್ಲ.

"ಈ ಡಬ್ಬಿ ನನಗೆ ಗೊತ್ತೈತ್ರಿ ಮೇಡಂ. ನಮ್ಮಣ್ಣ ತಿನ್ನೋದು ಇದನ್ನೇ."

ಅವರ ಅಣ್ಣ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿ. ಕೆಲವು ವರ್ಷಗಳಿಂದ ಎಆರ್‌ಟಿ, ಅಂದರೆ ಎಚ್‌ಐವಿ ಇರುವವರಿಗೆ ಕೊಡುವ ಚಿಕಿತ್ಸೆಯಲ್ಲಿದ್ದಾರೆ. ವಿಷಯ ತಿಳಿದ ದಿನದಿಂದ ಗೌರಮ್ಮನ ಅತ್ತೆಯ ಮನೆಯವರು ಆ ಮನೆಯಲ್ಲಿ ನೀರನ್ನೂ ಕುಡಿದಿಲ್ಲ. ಈಗ ಅದೇ ಡಬ್ಬಿ ತಮ್ಮ ಮನೆಯ ಗೂಡಿನಲ್ಲಿ ಕಂಡರೆ ಏನಾಗುತ್ತದೆಂದು ಅವರು ವಿವರಿಸಬೇಕಾಗಿರಲಿಲ್ಲ. ಆದರೆ ಅವರನ್ನು ತಡೆದದ್ದು ಆ ಹೆದರಿಕೆಯೊಂದೇ ಆಗಿರಲಿಲ್ಲ ಎಂಬುದು ಮುಂದಿನ ಮಾತಿನಲ್ಲಿ ತಿಳಿಯಿತು.

"ನಾನೇನು ತಪ್ಪು ಮಾಡೀನಿ ಹೇಳ್ರಿ? ತಪ್ಪು ಮಾಡಿದೋರು ತಿನ್ನೋ ಮಾತ್ರೆ ನಾನ್ಯಾಕೆ ತಿನ್ಲಿ?"

ಇದಕ್ಕೆ ಸುಲಭದ ಉತ್ತರವೊಂದಿದೆ. "ನಿಮ್ಮದೇನೂ ತಪ್ಪಿಲ್ಲಮ್ಮ, ಕೆಲಸ ಮಾಡುವಾಗ ಆದದ್ದು, ನೀವು ಬೇರೆ, ಅವರು ಬೇರೆ" ಎಂದರೆ ಅವರು ಬಹುಶಃ ಆ ಕ್ಷಣವೇ ಮಾತ್ರೆ ನುಂಗುತ್ತಿದ್ದರು. ಗಂಟೆಗಳು ಕರಗುತ್ತಿರುವಾಗ ಹಾಗೆ ಹೇಳಿ ಮುಗಿಸಬಾರದಿತ್ತೇ ಎಂದು ಆಮೇಲೆ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಬೇಕೆಂದೇ ಹೇಳಲಿಲ್ಲ. ಗೌರಮ್ಮನಿಗೆ ತಪ್ಪಿಲ್ಲವೆಂದು ನಾನು ತೀರ್ಪು ಕೊಟ್ಟರೆ, ಅದೇ ಬಾಯಲ್ಲಿ ಹೊರಗಿನ ಬೆಂಚಿನ ಮೇಲೆ ಕುಳಿತವರಿಗೆ ತಪ್ಪಿದೆ ಎಂದಂತಾಗುತ್ತದೆ. ಆರನೆಯ ದಿನ ಬಂದ ಆ ಹುಡುಗನನ್ನು ಬಾಗಿಲಿನಿಂದ ಹಿಂದಕ್ಕೆ ಅಟ್ಟಿದ್ದು ಇದೇ ತೀರ್ಪು. ಅತ್ಯಾಚಾರಕ್ಕೆ ಒಳಗಾದವಳು, ಕಾಂಡೋಮ್ ಹರಿದ ದಂಪತಿ, ಬೇರೊಬ್ಬರ ಸಿರಿಂಜು ಬಳಸಿದವನು, ಸೂಜಿ ಚುಚ್ಚಿಸಿಕೊಂಡ ನರ್ಸು, ಇವರೆಲ್ಲರ ಮೈಯಲ್ಲೂ ಆ ವೈರಸ್ ಒಂದೇ ವೇಗದಲ್ಲಿ ನಡೆಯುತ್ತದೆ. ಹೇಗೆ ಬಂತೆಂಬ ಕಥೆ ಕೇಳಿ ಅದು ನಿಲ್ಲುವುದಿಲ್ಲ, ಮಾತ್ರೆಯೂ ಕಥೆ ಕೇಳಿ ಕೆಲಸ ಮಾಡುವುದಿಲ್ಲ.

ಹಾಗಾಗಿ ನಾನು ಕೇಳಿದೆ: "ನಿಮ್ಮಣ್ಣ ಏನು ತಪ್ಪು ಮಾಡಿದ್ರು?"

ಗೌರಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಬಿಚ್ಚಿದ ಸೀರೆಯ ಪಟ್ಟಿಯನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು ಮಾಡುತ್ತಿದ್ದರು. ಕೊನೆಗೆ, "ನಮ್ಮಪ್ಪ ಸತ್ತ ಮೇಲೆ ನನ್ನ ಮದುವಿ ಮಾಡಿದೋನು ಅವನೇರೀ" ಎಂದರು. ಕಣ್ಣಲ್ಲಿ ನೀರು ಬಂತು. ಎರಡು ವರ್ಷದಿಂದ ಪಂಚಮಿಗೆ ಅಣ್ಣ ಕರೆಯಲು ಬಂದರೂ ತಾವು ಹೋಗಿಲ್ಲವೆಂದೂ, ಅವರು ಈಗಲೂ ಚೀಲ ಹೊರುತ್ತ ಗಟ್ಟಿಯಾಗಿದ್ದಾರೆಂದೂ ಹೇಳಿದರು. ಆ ಗಟ್ಟಿತನ ಈ ಡಬ್ಬಿಯಿಂದಲೇ ಬಂದದ್ದು ಎಂದೆ. ಅಣ್ಣನ ಮೈಯಲ್ಲಿ ವೈರಸ್ ಬೇರು ಬಿಟ್ಟಿದೆ, ಹಾಗಾಗಿ ಅದು ತಲೆಯೆತ್ತದಂತೆ ಅವರು ಜೀವನವಿಡೀ ಮಾತ್ರೆ ತೆಗೆದುಕೊಳ್ಳಬೇಕು. ನಿಮ್ಮ ಮೈಗೆ ಅದು ಹೊಕ್ಕಿದೆಯೋ ಇಲ್ಲವೋ ಗೊತ್ತಿಲ್ಲ, ಹೊಕ್ಕಿದ್ದರೂ ಇನ್ನೂ ಬೇರು ಬಿಟ್ಟಿಲ್ಲ, ಅದಕ್ಕೇ 28 ದಿನ ಸಾಕು ಎಂದು ವಿವರಿಸಿದೆ.

"ಕರಿಕೆ ಬೇರಿಳಿಯೋದ್ರೊಳಗೆ ಕಿತ್ತಂಗೆ," ಎಂದರು ಗೌರಮ್ಮ. ಹೊಲದಲ್ಲಿ ಕಳೆ ತೆಗೆದ ಕೈ ಅದು. ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ವಿವರಣೆಗಿಂತ ಅದು ಚೆನ್ನಾಗಿತ್ತು. ಈಗ ಹಳ್ಳಿಯಿಂದ ಬಂದವರಿಗೆ ನಾನೂ ಹಾಗೆಯೇ ಹೇಳುತ್ತೇನೆ. ಅವರು ಡಬ್ಬಿಯ ಮುಚ್ಚಳ ತೆಗೆದು ಮಾತ್ರೆ ನುಂಗಿದಾಗ ಗಡಿಯಾರದಲ್ಲಿ ಹನ್ನೆರಡೂಕಾಲು.

ಆಮೇಲೆ ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವು ಎಲ್ಲರಿಗೂ ಹೇಳುವಂಥವೇ. ಈ ಮಾತ್ರೆಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿರುತ್ತವೆ. ದಿನಕ್ಕೆ ಒಂದು, ಪ್ರತಿದಿನ ಅದೇ ಹೊತ್ತಿಗೆ. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ನಿದ್ದೆ ಬಾರದಿರುವುದು ಆಗಬಹುದು. ಅದಕ್ಕೆ ಹೆದರಿ ನಿಲ್ಲಿಸದೆ ನಮ್ಮ ಬಳಿಗೆ ಬರಬೇಕು. ಗೌರಮ್ಮ ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕಬ್ಬಿಣ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಇರುವ ಹೊಟ್ಟೆಯುರಿಯ ಔಷಧಿಗಳು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುವುದರಿಂದ ಪೆಪ್ ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು, ಇದನ್ನು ಕೇಳಿ ತಿಳಿಯದೇ ಹೋದರೆ ಯಾರಿಗೂ ಹೊಳೆಯುವುದಿಲ್ಲ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದಾಗಲೂ ಸೋಂಕು ತಗಲುವುದು ಸಾವಿರದಲ್ಲಿ ಸುಮಾರು ಮೂವರಿಗೆ ಎಂದು ಹೇಳಿದಾಗ ಅವರ ಮುಖದ ಬಿಗಿ ಸಡಿಲಿತು. ಹೆಪಟೈಟಿಸ್ ಬಿ ಇದಕ್ಕಿಂತ ಎಷ್ಟೋ ಪಾಲು ಸುಲಭವಾಗಿ ಹರಡುತ್ತದೆ. ಅದರ ಲಸಿಕೆಯನ್ನು ಅವರಿಗೆ ಯಾರೂ ಹಾಕಿಸಿರಲಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆ ಲಸಿಕೆ ಹಾಕಿಸುವುದೂ, ಸೂಜಿಗಳನ್ನು, ಅವು ಚುಚ್ಚಿ ಹೊರಬರದಂಥ ಬಿಳಿ ಅರೆಪಾರದರ್ಶಕ ಡಬ್ಬದಲ್ಲಿ ಹಾಕುವುದೂ ಸಂಸ್ಥೆಯ ಹೊಣೆ. ಕೆಲಸದಲ್ಲಿ ಸೋಂಕಿನ ಅಪಾಯಕ್ಕೆ ಒಳಗಾಗುವವರಿಗೆ ಪೆಪ್ ಒದಗಿಸಬೇಕೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೇ ಹೇಳುತ್ತದೆ. ಸೂಜಿಯನ್ನು ಕಸದ ಚೀಲಕ್ಕೆ ಎಸೆದ ಕೈಯನ್ನು ಯಾರೂ ಪ್ರಶ್ನಿಸದೆ, ಚುಚ್ಚಿಸಿಕೊಂಡವಳೇ ತಪ್ಪಿನ ಮಾತೆತ್ತಿದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಗಂಡನ ವಿಷಯದಲ್ಲಿ ನಾನು ಕೊಟ್ಟ ಸಲಹೆಯನ್ನು ಒಪ್ಪದವರಿದ್ದಾರೆ. ಪರೀಕ್ಷೆಗಳು ಮುಗಿಯುವವರೆಗೆ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು. ಹೆಂಡತಿಯೇ ಕಾಂಡೋಮಿನ ಮಾತೆತ್ತಿದರೆ ಗಂಡ ಕಾರಣ ಕೇಳದೇ ಇರುತ್ತಾನೆಯೇ? "ಸೂಜಿ ಚುಚ್ಚಿತು, ಅದರಿಂದ ಬರಬಹುದಾದ ಸೋಂಕುಗಳನ್ನು ತಡೆಯಲು ಡಾಕ್ಟರು ಒಂದು ತಿಂಗಳ ಮಾತ್ರೆ ಕೊಟ್ಟಿದ್ದಾರೆ, ಪರೀಕ್ಷೆಗಳು ಮುಗಿಯುವವರೆಗೆ ಜೋಪಾನವಾಗಿರಬೇಕಂತೆ ಎಂದು ಹೇಳಿ. ಹೆಚ್ಚು ಕೇಳಿದರೆ ನನ್ನ ಹತ್ತಿರ ಕರೆದುಕೊಂಡು ಬನ್ನಿ" ಎಂದೆ. ಎಚ್‌ಐವಿ ಎಂಬ ಹೆಸರನ್ನು ಮುಚ್ಚಿಟ್ಟದ್ದು ಅರ್ಧ ಸತ್ಯವಾಯಿತು ಎಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ಆ ಮಾತಿನಲ್ಲಿ ಸುಳ್ಳಿಲ್ಲ, ಗಂಡನ ರಕ್ಷಣೆಗೆ ಬೇಕಾದದ್ದು ಅದರಲ್ಲಿದೆ. ಮನೆಯಲ್ಲಿ ಜಗಳವೆದ್ದು ಹತ್ತನೆಯ ದಿನ ಮಾತ್ರೆ ನಿಂತುಹೋದರೆ ಇಬ್ಬರಿಗೂ ರಕ್ಷಣೆಯಿಲ್ಲ. ಯಾವ ಮಾತನ್ನು ಯಾವ ದಿನ ಹೇಳಬೇಕೆಂಬ ಹಕ್ಕು ಗೌರಮ್ಮನದಾಗಿತ್ತು.

ಅವರು ಮೂರನೆಯ ವಾರದಲ್ಲಿ ಗಂಡನನ್ನು ಕರೆದುಕೊಂಡು ಬಂದರು. ಅಷ್ಟರಲ್ಲಿ ಎಲ್ಲವನ್ನೂ ತಾವೇ ಹೇಳಿದ್ದರು. ಆತ ಕೇಳಿದ್ದು ಒಂದೇ ಪ್ರಶ್ನೆ, ತಾನೂ ಪರೀಕ್ಷೆ ಮಾಡಿಸಬೇಕೇ ಎಂದು.

ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು ನಡೆದ ಪರೀಕ್ಷೆಗಳ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ; ಅದು ಅವರ ಸ್ವತ್ತು. ಇದೇ ಪರಿಸ್ಥಿತಿಯಲ್ಲಿರುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಓದುವುದನ್ನು ನಿಲ್ಲಿಸಿ ಗಂಟೆ ಎಣಿಸಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಈಗಲೇ ಹೊರಡಿ. ರಾತ್ರಿಯಾದರೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಹಣ ಬೇಕಿಲ್ಲ.

28 ದಿನ ಮುಗಿದ ಮಾರನೆಯ ದಿನ ಗೌರಮ್ಮ ಬಂದು ಆ ಬಿಳಿ ಡಬ್ಬಿಯನ್ನು ಮತ್ತೆ ನನ್ನ ಮೇಜಿನ ಮೇಲಿಟ್ಟರು. ಮೂವತ್ತು ಮಾತ್ರೆಗಳ ಡಬ್ಬಿ. ಅಲ್ಲಾಡಿಸಿದರೆ ಒಳಗೆ ಸದ್ದಾಯಿತು.

"ಎರಡು ಉಳಿದಾವ್ರಿ ಮೇಡಂ," ಎಂದರು. "ಈ ಭಾನುವಾರ ಅಣ್ಣನ ಮನಿಗೆ ಹೊಂಟೀನಿ. ಅವಂಗೇ ಕೊಡ್ಲಾ?"

ಅವರಿಗೆ ಅವರದೇ ಡಬ್ಬಿ ಇದೆ, ಇವನ್ನು ಔಷಧಿ ಕೌಂಟರಿಗೆ ವಾಪಸು ಕೊಡಿ ಎಂದೆ.