ಐನೂರು ಜನರಿಲ್ಲದ ಊರಿಗೆ ನಾಲ್ಕು ಪುಟವೇ?

"ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ವೆಝಲೇ ಎಂಬ ಗುಡ್ಡದ ಮೇಲಿನ ಊರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅಲ್ಲಿ ಐನೂರು ಜನವೂ ಇಲ್ಲ. ಆ ಜಾಗದಲ್ಲಿ ಪ್ಯಾರಿಸ್ಸಿನ ಚರಿತ್ರೆ ಹಾಕಬಹುದಿತ್ತಲ್ಲ?"
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಾಲ್ಕೂ ಪುಟ ಓದಿಯೇ ಕೇಳಿದ್ದೀರಿ, ಸಂತೋಷ. ಪ್ಯಾರಿಸ್ಸಿನ ಚರಿತ್ರೆ ದೊಡ್ಡದು, ಒಪ್ಪಿದೆ. ಆದರೆ ತಲೆ ಎಣಿಸಿ ಊರಿನ ತೂಕ ಹೇಳುವುದನ್ನು ನಾನು ಸುತರಾಂ ಒಪ್ಪಲಾರೆ.

ಬರ್ಗಂಡಿಯ ಈ ಊರಿನ ಮಠ ಮೊದಲಿದ್ದದ್ದು ಕೆಳಗೆ, ಕ್ಯೂರ್ ನದಿಯ ಬಯಲಲ್ಲಿ. 9ನೇ ಶತಮಾನದಲ್ಲಿ ಉತ್ತರದ ಕಡಲ ದಾಳಿಕೋರರಾದ ವೈಕಿಂಗರ ದಾಳಿಯಾದ ಮೇಲೆ ಗುಡ್ಡ ಹತ್ತಿತು. ಯೇಸುವಿನ ಶಿಷ್ಯೆ ಮೇರಿ ಮ್ಯಾಗ್ಡಲೀನಳ ಅಸ್ಥಿ ಅಲ್ಲಿದೆಯೆಂದು ಸುದ್ದಿ ಹಬ್ಬಿ ಯಾತ್ರಿಕರು ಹರಿದುಬಂದರು. 1146ರಲ್ಲಿ ಸಂತ ಬರ್ನಾರ್ಡ್ ಎರಡನೇ ಕ್ರುಸೇಡಿಗೆ, ಅಂದರೆ ಜೆರುಸಲೇಮಿನ ಕಡೆಯ ಪುಣ್ಯಭೂಮಿಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧಕ್ಕೆ, ಕರೆ ಕೊಟ್ಟದ್ದು ಅಲ್ಲೇ. ಗಾಂಧಿ, ರಾಮಕೃಷ್ಣ, ವಿವೇಕಾನಂದರ ಬಗ್ಗೆ ಪುಸ್ತಕ ಬರೆದ ಫ್ರೆಂಚ್ ಲೇಖಕ ರೊಮೇನ್ ರೋಲಾ 1944ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲೇ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಆ ಊರಿನ ವ್ಯಾಪಾರಿಗಳು, ಕಸುಬಿನವರು. ಮಠದ ತೆರಿಗೆ ತೆತ್ತು ತೆತ್ತು ಸಾಕಾಗಿ 1106ರಲ್ಲಿ ಮಠಾಧಿಪತಿ ಆರ್ತೋನನ್ನು ಕೊಂದೇಬಿಟ್ಟರು. ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ, ಆ ಸಿಟ್ಟು ಎಲ್ಲಿಂದ ಬಂತೆಂದು ಕೇಳುತ್ತಿದ್ದೇನೆ. 1152ರಲ್ಲಿ ಎಲ್ಲರೂ ಆಣೆ ಮಾಡಿ ಒಂದಾಗಿ ತಮ್ಮದೇ ಆಡಳಿತ ಕಟ್ಟಿಕೊಂಡರು. ನೆವೇರ್‌ನ ಕೌಂಟ್, ಅಂದರೆ ಅಲ್ಲಿನ ಪಾಳೆಯಗಾರ, ತನ್ನ ಲಾಭ ನೋಡಿಕೊಂಡು ಬೆನ್ನಿಗೆ ನಿಂತ. 1155ರಲ್ಲಿ ಫ್ರಾನ್ಸಿನ ಏಳನೇ ಲೂಯಿ ರಾಜ ಮಠದ ಪಕ್ಷ ವಹಿಸಿ ಆ ಆಡಳಿತವನ್ನು ಮುರಿದ, ಮೇಲೆ ದಂಡವನ್ನೂ ಹೇರಿದ. ಇದನ್ನು ಬರೆದಿಟ್ಟವನು ಪ್ವಾತಿಯೇದ ಹ್ಯೂಗ್, ಅದೇ ಮಠದ ಸನ್ಯಾಸಿ. ಎದುರಾಳಿಯ ಬೈಗುಳದಲ್ಲಿ ಉಳಿದುಕೊಂಡ ಜನ ಅವರು!

ಅಲ್ಲಿನ ಬೆಸಿಲಿಕಾದ, ಅಂದರೆ ಮಠದ ದೊಡ್ಡ ಚರ್ಚಿನ, ಒಂದು ಕಂಬದ ಬೋದಿಗೆಯ ಮೇಲೆ ಯಹೂದಿಗಳ ಪ್ರವಾದಿ ಮೋಶೆ ಬೀಸುವ ಗಿರಣಿಗೆ ಕಾಳು ಸುರಿಯುತ್ತಾನೆ, ಕ್ರೈಸ್ತರ ಸಂತ ಪೌಲ ಬಗ್ಗಿ ಚೀಲವೊಡ್ಡಿ ಹಿಟ್ಟು ಹಿಡಿಯುತ್ತಾನೆ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಕಾಳು ಹೊಸದರಲ್ಲಿ ಹಿಟ್ಟಾಯಿತೆಂದು ಪಂಡಿತರು ಅರ್ಥ ಹೇಳುತ್ತಾರೆ, ಸರಿಯೇ. ಆದರೆ ಆ ಬಗ್ಗಿದ ಬೆನ್ನನ್ನು ಕಡೆದ ಶಿಲ್ಪಿ ಗಿರಣಿಯ ಮುಂದೆ ನಿಂತು ನೋಡಿದವನೇ ಇರಬೇಕು.

ನಮ್ಮ ಶಾಲೆಗಳಲ್ಲಿ ಕ್ರುಸೇಡ್ ಎಂದರೆ ರಿಚರ್ಡ್, ಸಲಾದಿನ್, ನಾಲ್ಕು ಇಸವಿ, ಐದು ಅಂಕದ ಪ್ರಶ್ನೆ. 1190ರಲ್ಲಿ ಮೂರನೇ ಕ್ರುಸೇಡಿಗೆ ಇಂಗ್ಲೆಂಡಿನ ರಾಜ ರಿಚರ್ಡ್ ಮತ್ತು ಫ್ರಾನ್ಸಿನ ರಾಜ ಫಿಲಿಪ್ ದಂಡು ಸೇರಿಸಿ ಹೊರಟದ್ದು ಇದೇ ವೆಝಲೇಯಿಂದ. ಅಷ್ಟು ಕುದುರೆಗಳಿಗೆ ಮೇವು, ಅಷ್ಟು ಬಾಯಿಗೆ ರೊಟ್ಟಿ ಒದಗಿಸಿದವರು ಯಾರೆಂದು ಯಾವ ಮೇಷ್ಟರೂ ನನಗೆ ಹೇಳಲಿಲ್ಲ. ನಿಮಗೂ ಹೇಳಿರಲಾರರು, ಅದಕ್ಕೇ ಈ ಪ್ರಶ್ನೆ ಬಂದಿದೆ. ಪ್ಯಾರಿಸ್ಸಿಗೂ ಪುಟ ಕೊಡುತ್ತೇವೆ. ಅಲ್ಲಿನ ಯಾವುದಾದರೊಂದು ಬೀದಿಯಿಂದ ಶುರುಮಾಡುತ್ತೇವೆ.