ಕೈದಿ ಹೇಳಿದ್ದನ್ನು ಯಾರಿಗೆ ಹೇಳಬೇಕು?

ಪ್ರಶ್ನೆ: ಮೇಡಂ, ನಾನು ಸೈಕಾಲಜಿಯಲ್ಲಿ ಈಗಷ್ಟೇ ಪದವಿ ಮುಗಿಸಿದ್ದೇನೆ. ಜೈಲಿನ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಮನೆಯವರಿಗೆ ಹೆದರಿಕೆ. ನನಗೆ ಹೆದರಿಕೆಗಿಂತ ಗೊಂದಲ ಜಾಸ್ತಿ. ಹೇಳಿದ ಮಾತು ಗುಟ್ಟಾಗಿರಬೇಕು ಎಂದು ಕಲಿತಿದ್ದೇನೆ. ಆದರೆ ಇಲ್ಲಿ ಬೀಗದ ಕೈ ಜೈಲಿನವರ ಹತ್ತಿರ ಇರುತ್ತದೆ. ನಾನು ಯಾರ ಕಡೆ? ಕೈದಿಗಳು ಮಾಡಿದ ಅಪರಾಧದ ಫೈಲನ್ನು ಮೊದಲೇ ಓದಬೇಕಾ?

ಉತ್ತರ: ಮನೆಯವರ ಹೆದರಿಕೆಯನ್ನು ಮೊದಲು ಮುಗಿಸಿಬಿಡೋಣ. ಬಾಗಿಲ ಹತ್ತಿರದ ಕುರ್ಚಿ ಯಾವಾಗಲೂ ನಿಮ್ಮದು. ಅಲಾರಂ ಕೈಗೆ ಸಿಗುವಂತಿರಲಿ, ಬ್ಯಾಗಿನ ತಳದಲ್ಲಿ ಬೇಡ. ಯಾರ ಜೊತೆ ಕೂರುತ್ತೀರಿ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಸಿಬ್ಬಂದಿಗೆ ಹೇಳಿಯೇ ಒಳಗೆ ಹೋಗಿ. ಆ ಕೆಲಸದಲ್ಲಿ ನನ್ನನ್ನು ಸುಸ್ತು ಮಾಡಿದ್ದು ಯಾರ ಸಿಟ್ಟೂ ಅಲ್ಲ, ಕಾಯುವುದು. ಕೈದಿಗಳ ತಲೆ ಎಣಿಕೆ ತಾಳೆಯಾಗದಿದ್ದರೆ ಯಾರೂ ಕದಲುವಂತಿಲ್ಲ. ಒಂದು ಗಂಟೆಯ ಭೇಟಿ 20 ನಿಮಿಷಕ್ಕೆ ಇಳಿಯುತ್ತದೆ. ಮುಖ್ಯವಾದದ್ದನ್ನು ಮೊದಲೇ ಕೇಳುವ ಅಭ್ಯಾಸ ಹಾಗೇ ಬಂತು.

ಇನ್ನು ಗುಟ್ಟಿನ ವಿಷಯ. ‘ಯಾರಿಗೂ ಹೇಳಲ್ಲ’ ಎಂದು ಯಾವ ಕೈದಿಗೂ ಮಾತು ಕೊಡಬೇಡಿ. ಅವರು ಬಾಯಿ ತೆರೆಯುವ ಮುಂಚೆಯೇ ನಿಮ್ಮ ಮಿತಿ ಹೇಳಿ. ನಾನು ಹೇಳುತ್ತಿದ್ದದ್ದು ಇಷ್ಟು: ‘ನಿಮ್ಮ ಮಾತನ್ನು ಸುಮ್ನೆ ಯಾರ ಹತ್ತಿರವೂ ಆಡಲ್ಲ. ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅಂತ ಗೊತ್ತಾದರೆ ಹೇಳಲೇಬೇಕು. ಯಾರಿಗೆ ಹೇಳ್ತೀನಿ ಅಂತ ಆದಷ್ಟು ನಿಮಗೂ ತಿಳಿಸ್ತೀನಿ.’ ಒಬ್ಬ ಇದನ್ನು ಕೇಳಿ, ‘ಹಾಗಾದರೆ ಮಳೆ ವಿಷಯ ಮಾತಾಡೋಣ ಬಿಡಿ’ ಎಂದ. ಎಷ್ಟೋ ವಾರ ಮಳೆ ವಿಷಯವೇ ಮಾತಾಡಿದೆವು. ಆಮೇಲೆ ಒಂದು ದಿನ ತಾನಾಗಿಯೇ ನಿದ್ದೆಯ ವಿಷಯಕ್ಕೆ ಬಂದ. ನನಗೆ ಅವಸರ ಇರಲಿಲ್ಲ.

ಇದು ನನ್ನ ಸ್ವಂತ ನಿಯಮ ಅಲ್ಲ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಿವೆ. ಅದರ 32ನೇ ನಿಯಮದ ಪ್ರಕಾರ ಕೈದಿಯ ಆರೋಗ್ಯದ ಮಾಹಿತಿ ಗುಟ್ಟಾಗಿರಬೇಕು. ಅವನಿಗೋ ಬೇರೆಯವರಿಗೋ ನಿಜವಾದ, ಕೂಡಲೇ ಎದುರಾಗುವ ಅಪಾಯ ಇದ್ದರೆ ಮಾತ್ರ ವಿನಾಯಿತಿ. 46ನೇ ನಿಯಮವನ್ನೂ ಓದಿಟ್ಟುಕೊಳ್ಳಿ. ಶಿಸ್ತಿನ ಶಿಕ್ಷೆ ಕೊಡುವುದರಲ್ಲಿ ಆರೋಗ್ಯ ಸಿಬ್ಬಂದಿಗೆ ಯಾವ ಪಾತ್ರವೂ ಇರಬಾರದು ಎನ್ನುತ್ತದೆ ಅದು. ‘ಇವನನ್ನು ಒಂಟಿ ಸೆಲ್‌ಗೆ ಹಾಕಬಹುದು ಅಂತ ಒಂದು ಸಾಲು ಬರೆದುಕೊಡಿ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬರೆಯಬೇಡಿ. ಆದರೆ ಅಲ್ಲಿ ಹಾಕಿದ ಮೇಲೆ ದಿನವೂ ಹೋಗಿ ನೋಡುವುದು ಆರೋಗ್ಯ ಸಿಬ್ಬಂದಿಯ ಕೆಲಸ. ಯಾರ ಕಡೆ ಎಂದು ಕೇಳಿದಿರಲ್ಲ, ನೀವು ಆರೋಗ್ಯದ ಕಡೆ.

ಫೈಲ್ ಓದಿ. ಓದದಿದ್ದರೆ ಮನಸ್ಸು ಶುದ್ಧವಾಗಿರುತ್ತದೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಿಂದೆ ಜೀವಕ್ಕೆ ಅಪಾಯ ಮಾಡಿಕೊಂಡಿದ್ದರೇ, ಯಾವ ಮಾತ್ರೆ ತಗೊಳ್ಳುತ್ತಿದ್ದರು, ಕೋರ್ಟಿನ ದಿನಾಂಕ ಯಾವಾಗ, ಇಷ್ಟನ್ನು ಭೇಟಿಗೆ ಮುಂಚೆ ನೋಡಲೇಬೇಕು. ಅಪರಾಧದ ವಿವರವನ್ನು ಮಾತ್ರ ಭೇಟಿಗೆ ಐದು ನಿಮಿಷ ಇರುವಾಗ ಓದಬೇಡಿ. ಹಿಂದಿನ ದಿನವೇ ಓದಿ, ಒಂದು ರಾತ್ರಿ ಕಳೆಯಲಿ.

ಹೊಸದಾಗಿ ಒಳಗೆ ಬಂದವರ ಮೇಲೆ ಹೆಚ್ಚು ಕಣ್ಣಿಡಿ. ಮೊದಲ ದಿನಗಳೇ ಹೆಚ್ಚು ಅಪಾಯ. ಕೈ ನಡುಗುತ್ತಿದೆ, ಬೆವರುತ್ತಿದ್ದಾರೆ ಅಂದರೆ ಭಯ ಅಂದುಕೊಳ್ಳಬೇಡಿ. ಕುಡಿತ ಏಕಾಏಕಿ ನಿಂತದ್ದರಿಂದಲೂ ಹಾಗಾಗುತ್ತದೆ, ಫಿಟ್ಸ್ ಬರಬಹುದು. ಕೌನ್ಸೆಲಿಂಗ್ ಆಮೇಲೆ, ಮೊದಲು ಡಾಕ್ಟರನ್ನು ಕರೆಯಿರಿ. ಎಲ್ಲರಿಗೂ ದೊಡ್ಡ ಕಾಯಿಲೆ ಇರುತ್ತದೆ ಎಂದೂ ಅಲ್ಲ. ಸೀನಾ ಫಜೆಲ್ ಮತ್ತು ಜಾನ್ ದಾನೆಶ್ ಎಂಬ ಸಂಶೋಧಕರು 2002ರಲ್ಲಿ 12 ದೇಶಗಳ ಕೈದಿಗಳ 62 ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಗಂಡಸರಲ್ಲಿ ಶೇ 10ರಷ್ಟು ಜನರಿಗೆ ತೀವ್ರ ಖಿನ್ನತೆ, ಶೇ 4ರ ಹತ್ತಿರ ಜನರಿಗೆ ಸೈಕೋಸಿಸ್, ಅಂದರೆ ಯಾವುದು ನಿಜ ಎಂಬ ಅರಿವೇ ತಪ್ಪುವ ಕಾಯಿಲೆ ಇತ್ತು. ಆದರೂ ಜೈಲಿನ ಹೊರಗಿನವರಿಗೆ ಹೋಲಿಸಿದರೆ ಇದು ತುಂಬಾ ಜಾಸ್ತಿ.

ಇನ್ನೊಂದು. ‘ಈ ಕಾಗದ ಹೊರಗೆ ಪೋಸ್ಟ್‌ಗೆ ಹಾಕಿಬಿಡಿ, ಅಷ್ಟೇ’ ಎನ್ನುವ ಕೈದಿಗಳು ಸಿಗುತ್ತಾರೆ. ಅವತ್ತೇ ನಿಮ್ಮ ಮೇಲಿನವರಿಗೆ ತಿಳಿಸಿ. ಹಾಗೆ ಹೇಳಿಕೊಳ್ಳಲು ಒಬ್ಬ ಹಿರಿಯ ಮನಶ್ಶಾಸ್ತ್ರಜ್ಞರು ಪ್ರತಿ ವಾರ ಸಿಗುತ್ತಾರಾ ಎಂದು ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಕೇಳಿ. ಇಲ್ಲ ಅಂದರೆ ಆ ಕೆಲಸ ಬೇಡ ಎನ್ನುತ್ತೇನೆ ನಾನು.

ಪ್ರಶ್ನೆ: ನಾನು ಜೈಲಿನಲ್ಲಿ ವಾರ್ಡರ್. ಸೆಲ್ ಬದಲಾಯಿಸಿಕೊಳ್ಳಲು ಕೆಲವರು ಮೈಗೆ ಗಾಯ ಮಾಡಿಕೊಳ್ಳುತ್ತಾರೆ. ಅದೆಲ್ಲ ನಾಟಕ. ಹೊಸ ಸೈಕಾಲಜಿಸ್ಟ್‌ಗಳು ನಂಬಿಬಿಡುತ್ತಾರೆ, ಅಲ್ವಾ?

ಉತ್ತರ: ಸೆಲ್ ಬದಲಾಗಲಿ ಅಂತಲೇ ಮಾಡಿಕೊಂಡಿರಬಹುದು. ಆದರೂ ಜೀವ ಹೋಗಬಹುದು. ಎರಡೂ ಒಟ್ಟಿಗೆ ನಿಜ ಆಗಿರುತ್ತವೆ ಸಾರ್. ಆ ಸೆಲ್‌ನಲ್ಲಿ ಏನು ನಡೆಯುತ್ತಿದೆ ಎಂದು ಒಂದು ಸಲ ಕೇಳಿ ನೋಡಿ. ಸಾಲ, ಹೊಡೆತ, ಬೆದರಿಕೆ, ಏನೋ ಒಂದು ಇದ್ದೇ ಇರುತ್ತದೆ. ನಾವು ವಾರಕ್ಕೊಮ್ಮೆ ನೋಡುತ್ತೇವೆ, ನೀವು ದಿನವೂ ನೋಡುತ್ತೀರಿ. ಊಟ ಬಿಟ್ಟರಾ, ಮನೆಗೆ ಫೋನ್ ಮಾಡಿದ ಮೇಲೆ ಮಂಕಾದರಾ, ತಮ್ಮ ಸಾಮಾನು ಬೇರೆಯವರಿಗೆ ಕೊಡುತ್ತಿದ್ದಾರಾ, ಇದು ನಿಮಗೇ ಮೊದಲು ಗೊತ್ತಾಗುವುದು. ಆ ಹೊಸ ಸೈಕಾಲಜಿಸ್ಟ್‌ಗೆ ಅದನ್ನು ಅದೇ ಪಾಳಿಯಲ್ಲಿ ತಿಳಿಸಿ, ನಾಳೆಗೆ ಇಡಬೇಡಿ.